ಒಡೆಯನ ಮೈಯಿಂದ ಇಳಿದ ಬಟ್ಟೆ

ಇವತ್ತು ಚುನಾವಣೆ ಇಲ್ಲ, ರಾಜೀನಾಮೆ ಇಲ್ಲ, ರೆಸಾರ್ಟೂ ಇಲ್ಲ. ಇವತ್ತು ಒಂದು ಬಟ್ಟೆಯ ಕಥೆ ಹೇಳ್ತೀನಿ, ಸ್ವಲ್ಪ ಕೇಳಿ.

ಜಪಾನಿನ ಒಂದು ರಂಗಮಂಚವನ್ನು ಕಣ್ಣಮುಂದೆ ತಂದುಕೊಳ್ಳಿ. ಉಜ್ಜಿ ಉಜ್ಜಿ ಹೊಳೆಯುವ ಮರದ ಹಲಗೆ. ಹಿಂದಿನ ಗೋಡೆಯ ಮೇಲೆ ಒಂದು ಪೈನ್ ಮರದ ಚಿತ್ರ. ಅಷ್ಟೇ. ಪರದೆ ಇಲ್ಲ, ಸೆಟ್ ಇಲ್ಲ, ಲೈಟಿಂಗ್ ಇಲ್ಲ. ನಾಟಕ ಶುರುವಾಗುವ ಮೊದಲು ಸಹಾಯಕನೊಬ್ಬ ಬಂದು, ಮಡಚಿದ ರೇಷ್ಮೆಯ ನಿಲುವಂಗಿಯೊಂದನ್ನು ರಂಗದ ಮುಂತುದಿಯಲ್ಲಿ ನೆಲಕ್ಕೆ ಹಾಸುತ್ತಾನೆ. ಹಾಸಿ ಸುಮ್ಮನೆ ಎದ್ದು ಹೋಗ್ತಾನೆ. ಯಾರೋ ಮರೆತು ಬಿಟ್ಟುಹೋದ ಬಟ್ಟೆ ಅಂದ್ಕೊಂಡ್ರಾ? ಅದು ನಾಟಕದ ಒಂದು ಪಾತ್ರ. ನಾಟಕಕ್ಕೆ ಹೆಸರು ಬಂದಿರೋದೇ ಆ ಪಾತ್ರದಿಂದ.

ನಾಟಕದ ಹೆಸರು ‘ಅವೋಯಿ ನೊ ಉವೆ’. ಹನ್ನೊಂದನೇ ಶತಮಾನದ ‘ಗೆಂಜಿ ಮೊನೊಗತಾರಿ’ ಕಾದಂಬರಿಯಿಂದ ಎತ್ತಿಕೊಂಡ ಕಥೆ. ರಾಜಕುಮಾರ ಗೆಂಜಿಯ ಹೆಂಡತಿ ಅವೋಯಿ ಹಾಸಿಗೆ ಹಿಡಿದಿದ್ದಾಳೆ. ಗೆಂಜಿ ಕೈಬಿಟ್ಟ ಪ್ರೇಯಸಿ ರೊಕುಜೊ. ಅವಳ ಹೊಟ್ಟೆಕಿಚ್ಚು ಎಷ್ಟು ತೀವ್ರ ಅಂದರೆ, ಬದುಕಿರುವಾಗಲೇ ಅವಳ ಆತ್ಮ ದೇಹ ಬಿಟ್ಟು ಬಂದು ಅವೋಯಿಯನ್ನು ಕಾಡುತ್ತೆ. ಮುಖವಾಡ ತೊಟ್ಟ ನಟ ಬಂದು ಬೀಸಣಿಗೆಯಿಂದ ಆ ಬಟ್ಟೆಗೆ ಹೊಡೆಯುತ್ತಾನೆ. ಬಟ್ಟೆ ಅಲ್ಲಾಡೋದಿಲ್ಲ. ಆದರೆ ನೋಡುವವರ ಮೈ ಜುಮ್ ಅನ್ನುತ್ತೆ. ಯಾಕಂದರೆ ಹೊಡೆತ ಬೀಳ್ತಿರೋದು ಒಬ್ಬ ಹೆಣ್ಣಿಗೆ. ಒಂದು ಖಾಲಿ ಬಟ್ಟೆಯನ್ನು ಮನುಷ್ಯಳು ಅಂತ ನಂಬಿಸಬಲ್ಲ ರಂಗಭೂಮಿ ಇದು. ಇದರ ಹೆಸರು ನೋ. ಇಂಗ್ಲಿಷಿನ ‘ಬೇಡ’ ಅನ್ನೋ ನೋ ಅಲ್ಲ. ಜಪಾನಿ ಭಾಷೆಯಲ್ಲಿ ಆ ಪದಕ್ಕೆ ಕೌಶಲ, ಸಾಮರ್ಥ್ಯ ಅಂತ ಅರ್ಥ.

ನೋ ಅಂದ ತಕ್ಷಣ ಎಲ್ಲರೂ ಮುಖವಾಡದ ಬಗ್ಗೆ ಮಾತಾಡ್ತಾರೆ. ಪುಸ್ತಕದ ಕವರ್ ಮೇಲೂ ಅದೇ, ಟೂರಿಸ್ಟ್ ಅಂಗಡಿಯಲ್ಲೂ ಅದೇ. ನನಗೆ ಮಾತ್ರ ಮುಖವಾಡಕ್ಕಿಂತ ಕುತೂಹಲ ಹುಟ್ಟಿಸಿದ್ದು ಅದರ ಕೆಳಗಿರೋ ಬಟ್ಟೆ. ಇಷ್ಟು ಶ್ರೀಮಂತ ಬಟ್ಟೆ ಒಬ್ಬ ನಟನ ಮೈಮೇಲೆ ಹೇಗೆ ಬಂತು? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಆರು ನೂರು ವರ್ಷದ ಅಧಿಕಾರದ ಇತಿಹಾಸವೇ ಬಿಚ್ಚಿಕೊಳ್ಳುತ್ತೆ.

ಹದಿನಾಲ್ಕನೇ ಶತಮಾನಕ್ಕೆ ಹೋಗೋಣ. ಕಾನಾಮಿ ಅಂತ ಒಬ್ಬ ನಟ, ಅವನ ಮಗ ಜೆಯಾಮಿ. ಆಗ ಈ ಕಲೆಗೆ ಸರುಗಾಕು ಅಂತ ಹೆಸರು. ದೇವಸ್ಥಾನ, ಜಾತ್ರೆ ಅಂತ ಊರೂರು ತಿರುಗಿ ಆಡುವವರ ತಂಡ. 1374ರ ಆಸುಪಾಸಿನಲ್ಲಿ ಕ್ಯೋಟೋದ ಇಮಕುಮಾನೊದಲ್ಲಿ ಇವರ ಆಟ ನೋಡಿದವನು ಅಶಿಕಾಗಾ ಯೋಶಿಮಿತ್ಸು. ದೇಶ ಆಳುವ ಶೋಗನ್, ಇನ್ನೂ ಹದಿಹರೆಯದ ಹುಡುಗ. ಅಪ್ಪ-ಮಗ ಇಬ್ಬರೂ ಅವನಿಗೆ ಹಿಡಿಸಿಬಿಟ್ಟರು. 1378ರಲ್ಲಿ ಗಿಯೋನ್ ಹಬ್ಬದ ಮೆರವಣಿಗೆ ನೋಡುವಾಗ ಆತ ಬಾಲಕ ಜೆಯಾಮಿಯನ್ನು ಪಕ್ಕದಲ್ಲೇ ಕೂರಿಸಿಕೊಂಡ. ಆಸ್ಥಾನದ ಗಣ್ಯನೊಬ್ಬ ಉರಿದುಹೋದ. ಸರುಗಾಕು ಅನ್ನೋದು ಭಿಕ್ಷುಕರ ಕಸುಬು, ಅಂಥವನನ್ನು ಶೋಗನ್ ಪಕ್ಕ ಕೂರಿಸಿಕೊಳ್ಳೋದಾ ಅಂತ ದಿನಚರಿಯಲ್ಲಿ ಕಾರಿಕೊಂಡ. ಆ ದಿನಚರಿ ಇವತ್ತಿಗೂ ಉಳಿದಿದೆ. ಹೊಟ್ಟೆಕಿಚ್ಚಿನ ಬರಹಗಳಿಗೆ ಆಯುಷ್ಯ ಜಾಸ್ತಿ ಅಂತ ಕಾಣುತ್ತೆ.

ಆ ಕಾಲದ ನಟರ ಬಟ್ಟೆ ಇವತ್ತಿನ ಹಾಗೆ ಜರತಾರಿ ಇರಲಿಲ್ಲ. ಸುಮಾರಾಗಿ ಆ ಕಾಲದ ಜನ ತೊಡುತ್ತಿದ್ದಂಥದ್ದೇ ಉಡುಪು. ಆದರೆ ಜೆಯಾಮಿ ಬುದ್ಧಿವಂತ. ‘ಫೂಶಿಕಾದೆನ್’ ಅನ್ನೋ ತನ್ನ ಗ್ರಂಥದಲ್ಲಿ ಅವನು ಸ್ತ್ರೀಪಾತ್ರಕ್ಕೆ ಉಡುಪೇ ಬುನಾದಿ ಅಂತ ಬರೆದಿಟ್ಟ. ಅರಮನೆಯ ಹೆಂಗಸರನ್ನು ಬಡ ನಟ ಎಲ್ಲಿ ನೋಡಿರ್ತಾನೆ? ಗೊತ್ತಿದ್ದವರನ್ನು ಕೇಳಿ ತಿಳಿದುಕೋ ಅನ್ನೋದು ಅವನ ಸಲಹೆ. ಅಂದರೆ ರಿಸರ್ಚ್ ಮಾಡು ಅಂತ. ಆ ಗ್ರಂಥ ಶತಮಾನಗಳ ಕಾಲ ನಟರ ಮನೆಗಳಲ್ಲಿ ಗುಟ್ಟಾಗಿಯೇ ಇತ್ತು. ಹೊರಜಗತ್ತಿಗೆ ಅಚ್ಚಾಗಿ ಸಿಕ್ಕಿದ್ದು 1909ರಲ್ಲಿ.

ಆಮೇಲೆ ಶುರುವಾಯ್ತು ನೋಡಿ ಅಸಲಿ ಬದಲಾವಣೆ. ಆಟ ನೋಡಲು ಬಂದ ಶೋಗನ್, ಸಾಮಂತರು, ಆಸ್ಥಾನಿಕರು ಖುಷಿಯಾದರೆ ಏನು ಮಾಡ್ತಿದ್ದರು ಗೊತ್ತಾ? ತಾವು ತೊಟ್ಟ ಮೇಲುಡುಪನ್ನು ಅಲ್ಲೇ ಬಿಚ್ಚಿ ನಟನಿಗೆ ಕೊಟ್ಟುಬಿಡ್ತಿದ್ದರು. ಇದಕ್ಕೊಂದು ಹೆಸರೇ ಇತ್ತು: ಕೊಸೊದೆ-ನುಗಿ. ಕೊಸೊದೆ ಅಂದರೆ ಇವತ್ತಿನ ಕಿಮೋನೊದ ಪೂರ್ವಜ. ನುಗಿ ಅಂದರೆ ಬಿಚ್ಚೋದು. ಒಬ್ಬ ದೊಡ್ಡವನು ಬಿಚ್ಚಿದ ಅಂದಮೇಲೆ ಪಕ್ಕದವನು ಸುಮ್ಮನಿರೋಕೆ ಆಗುತ್ತಾ? ಅವನೂ ಬಿಚ್ಚಬೇಕು. ಹೀಗೆ ಚೀನಾದ ಮಿಂಗ್ ಸಾಮ್ರಾಜ್ಯದಿಂದ ಹಡಗಿನಲ್ಲಿ ಬಂದ ರೇಷ್ಮೆ ಒಡೆಯನ ಮೈಯಿಂದ ಇಳಿದು, ‘ಭಿಕ್ಷುಕರ ಕಸುಬಿನ’ ನಟನ ಮೈ ಏರಿತು. ಮುಂದಿನ ಆಟದಲ್ಲಿ ಆತ ರಾಣಿಯಾಗಿ ಬಂದಾಗ ತೊಟ್ಟಿದ್ದು ಅಂಥ ನಿಜವಾದ ಅರಮನೆಯ ಬಟ್ಟೆ. ನೋ ವೇಷಭೂಷಣದ ವೈಭವದ ಬೇರು ಇಲ್ಲಿದೆ. ಯಾವ ಡಿಸೈನರೂ ಕೂತು ಸ್ಕೆಚ್ ಹಾಕಿ ಮಾಡಿದ್ದಲ್ಲ.

ನಗಬೇಡಿ, ನಮ್ಮಲ್ಲೂ ಇದೆ. ಟಿವಿ ಕಾರ್ಯಕ್ರಮ ಮುಗಿಯುವಾಗ ಸಣ್ಣ ಅಕ್ಷರದಲ್ಲಿ ‘ವಸ್ತ್ರ ಪ್ರಾಯೋಜಕರು’ ಅಂತ ಒಂದು ಸಾಲು ಓಡುತ್ತಲ್ಲ, ಅದು. ವ್ಯತ್ಯಾಸ ಏನಪ್ಪಾ ಅಂದರೆ, ನಮಗೆ ಕೊಟ್ಟ ಬ್ಲೇಜರ್ ಮಾರನೇ ದಿನ ಅಂಗಡಿಗೆ ವಾಪಸ್ ಹೋಗುತ್ತೆ.

ಹದಿನಾರನೇ ಶತಮಾನದ ಕೊನೆಗೆ ತೊಯೊತೊಮಿ ಹಿದೆಯೋಶಿ ಬಂದ. ಸಾಮಾನ್ಯರ ಮನೆಯಲ್ಲಿ ಹುಟ್ಟಿ ಇಡೀ ಜಪಾನನ್ನು ಹಿಡಿತಕ್ಕೆ ತಂದುಕೊಂಡವನು. 1593ರಲ್ಲಿ, ಕೊರಿಯಾದ ಮೇಲೆ ದಂಡೆತ್ತಿ ಹೋದ ಯುದ್ಧ ನಡೀತಿರುವಾಗಲೇ, ಐವತ್ತು ದಾಟಿದ ಈ ಮನುಷ್ಯ ಶಿಬಿರದಲ್ಲಿ ಕೂತು ನೋ ಕಲಿತ. ಅದೇ ವರ್ಷ ಚಕ್ರವರ್ತಿಯ ಅರಮನೆಯಲ್ಲಿ ಪಾತ್ರ ಮಾಡಿದ. ಸಾಲದು ಅಂತ ತನ್ನದೇ ಸಾಹಸಗಳ ಬಗ್ಗೆ ನಾಟಕ ಬರೆಸಿ, ತನ್ನ ಪಾತ್ರವನ್ನು ತಾನೇ ಆಡಿದ! ನಮ್ಮ ಕಾಲದ ರಾಜಕಾರಣಿಗಳು ಬಯೋಪಿಕ್‌ಗೆ ಬೇರೆ ನಟರನ್ನಾದರೂ ಹಾಕ್ಕೋತಾರೆ. ಅವನ ನಂತರ ತೊಕುಗಾವಾ ಶೋಗನ್‌ಗಳು. ಅವರು ನೋವನ್ನು ಸರ್ಕಾರಿ ಸಮಾರಂಭದ ಅಧಿಕೃತ ಕಲೆ ಮಾಡಿದರು. ನಟರಿಗೆ ಅಕ್ಕಿಯ ರೂಪದಲ್ಲಿ ಸಂಬಳ. ಪ್ರತಿ ಸಾಮಂತನ ಮನೆಯಲ್ಲೂ ನೋ ಉಡುಪಿನ ಪೆಟ್ಟಿಗೆಗಳು ಇರಲೇಬೇಕು, ಇಲ್ಲದಿದ್ದರೆ ಮರ್ಯಾದೆ ಪ್ರಶ್ನೆ. ಈಗ ಬಟ್ಟೆ ಕೇವಲ ಬಿಚ್ಚಿಕೊಟ್ಟಿದ್ದಾಗಿ ಉಳಿಯಲಿಲ್ಲ. ರಂಗಕ್ಕಾಗಿಯೇ ಕ್ಯೋಟೋದ ನಿಶಿಜಿನ್ ಬಡಾವಣೆಯ ಮಗ್ಗಗಳಲ್ಲಿ ನೇಯಿಸಿದ್ದಾಯ್ತು. ಬೀದಿಯ ವ್ಯಾಪಾರಿ ಚಿನ್ನದ ನೂಲು ತೊಟ್ಟರೆ ಅಪರಾಧ ಅಂತ ಕಾನೂನು ಮಾಡಿದ ಸರ್ಕಾರ, ನಟನಿಗೆ ಮಾತ್ರ ತಲೆಯಿಂದ ಕಾಲಿನವರೆಗೆ ಚಿನ್ನ ಹೊದಿಸಿತು.

ಇದರಲ್ಲಿ ಕಿರೀಟಪ್ರಾಯ ಕರಾವೊರಿ. ‘ಚೀನೀ ನೇಯ್ಗೆ’ ಅಂತ ಪದದ ಅರ್ಥ. ದೂರದಿಂದ ನೋಡಿದರೆ ಕಸೂತಿ ಅಂತಲೇ ಅನಿಸುತ್ತೆ. ಸೇವಂತಿಗೆ ಹೂವು, ಶರತ್ಕಾಲದ ಹುಲ್ಲು, ಬೀಸಣಿಗೆ, ಎಲ್ಲವೂ ಬಟ್ಟೆಯಿಂದ ಉಬ್ಬಿ ನಿಂತಿರುತ್ತವೆ. ಆದರೆ ಒಂದು ಸೂಜಿಯೂ ಮುಟ್ಟಿರೋದಿಲ್ಲ. ಹುರಿ ಮಾಡದ, ಹೊಳೆಯುವ ಬಣ್ಣದ ರೇಷ್ಮೆ ಎಳೆಗಳನ್ನು ನೇಯುವಾಗಲೇ ಸಡಿಲವಾಗಿ ಬಟ್ಟೆಯ ಮೇಲೆ ತೇಲಿಸುತ್ತಾರೆ. ಚಿನ್ನದ ನೂಲು ಅಂದರೆ ಲೋಹದ ತಂತಿ ಅಂದ್ಕೋಬೇಡಿ. ಕೈಯಿಂದ ಮಾಡಿದ ಕಾಗದದ ಮೇಲೆ ಅರಗು ಬಳಿದು, ಅದರ ಮೇಲೆ ಚಿನ್ನದ ರೇಕು ಅಂಟಿಸಿ, ಅದನ್ನು ಕೂದಲಿನಷ್ಟು ಸಣ್ಣ ಪಟ್ಟಿಗಳಾಗಿ ಕತ್ತರಿಸುತ್ತಾರೆ. ಆ ಒಂದೊಂದು ಪಟ್ಟಿಯನ್ನೂ ಮಗುಚಿಕೊಳ್ಳದ ಹಾಗೆ ಕೊಕ್ಕೆಯಿಂದ ಎಳೆದು ಹಾಸಿನೊಳಗೆ ಸೇರಿಸಬೇಕು. ಇನ್ನು ಕೆಲವು ಕರಾವೊರಿಗಳಲ್ಲಿ ಹಿನ್ನೆಲೆಯೇ ಚೌಕ ಚೌಕವಾಗಿ ಬಣ್ಣ ಬದಲಿಸುತ್ತೆ: ಇಲ್ಲಿ ಕೆಂಪು, ಪಕ್ಕದಲ್ಲಿ ಬಿಳಿ, ಮತ್ತೆ ಹಸಿರು. ಅದಕ್ಕೆ ನೇಯುವ ಮೊದಲೇ ಹಾಸಿನ ನೂಲನ್ನು ಲೆಕ್ಕ ಹಾಕಿ ಕಟ್ಟಿ ಬಣ್ಣದಲ್ಲಿ ಅದ್ದಿರಬೇಕು. ಒಂದು ಕಡೆ ಲೆಕ್ಕ ತಪ್ಪಿದರೆ ಚೌಕ ಕೂಡೋದಿಲ್ಲ.

ಕೆಂಪು ಅಂದೆನಲ್ಲ, ಅಲ್ಲೊಂದು ಸ್ವಾರಸ್ಯ ಇದೆ. ನೋ ಉಡುಪಿನಲ್ಲಿ ‘ಬಣ್ಣ ಇರುವ’ ಬಟ್ಟೆ, ‘ಬಣ್ಣ ಇಲ್ಲದ’ ಬಟ್ಟೆ ಅಂತ ಎರಡು ಜಾತಿ. ಬಣ್ಣ ಇಲ್ಲದ್ದು ಅಂದರೆ ಬಿಳಿ ಅಂತಲ್ಲ. ಅದರಲ್ಲಿ ನೀಲಿ ಇರಬಹುದು, ಹಸಿರು ಇರಬಹುದು, ಚಿನ್ನ ಧಾರಾಳವಾಗಿ ಇರಬಹುದು. ಕೆಂಪು ಇರಲ್ಲ, ಅಷ್ಟೇ. ಜಪಾನಿ ಭಾಷೆಯಲ್ಲಿ ಬಣ್ಣ ಅನ್ನೋ ಪದಕ್ಕೆ ಪ್ರೀತಿ, ಮೋಹ ಅಂತಲೂ ಅರ್ಥ. ಕೆಂಪು ಇದ್ದರೆ ಪಾತ್ರ ಯುವತಿ. ಇಲ್ಲದಿದ್ದರೆ ಯೌವನ ಕಳೆದವಳು: ಮಗನನ್ನು ಕಳೆದುಕೊಂಡು ಹುಡುಕುವ ತಾಯಿ, ಮುದುಕಿ. ನಟ ಬಾಯಿ ತೆರೆಯುವ ಮೊದಲೇ ಅವಳ ವಯಸ್ಸು, ಅವಳಿಗೆ ಬದುಕಿನಲ್ಲಿ ಇನ್ನು ಏನು ಬಾಕಿ ಇದೆ ಅನ್ನೋದು ಪ್ರೇಕ್ಷಕರಿಗೆ ಗೊತ್ತಾಗಿಬಿಡುತ್ತೆ. ಕತ್ತಿನ ಪಟ್ಟಿಗೂ ಲೆಕ್ಕ ಉಂಟು. ಬಿಳಿ ಪಟ್ಟಿ ಘನತೆಯ ಗುರುತು. ಬಲತೋಳನ್ನು ಅಂಗಿಯಿಂದ ಹೊರತೆಗೆದು ತೋಳನ್ನು ಬೆನ್ನಿಗೆ ಇಳಿಬಿಟ್ಟಿದ್ದರೆ ಆ ಹೆಣ್ಣಿಗೆ ಬುದ್ಧಿ ಕೆಟ್ಟಿದೆ, ಇಲ್ಲವೇ ಅವಳು ಮೈಮುರಿದು ದುಡಿಯುವವಳು ಅಂತ ಅರ್ಥ. ಹುಚ್ಚಿಗೂ ಕೂಲಿಗೂ ಒಂದೇ ಗುರುತು ಕೊಟ್ಟರಲ್ಲ ಈ ಶ್ರೀಮಂತರು ಅಂತ ನನಗೆ ಒಂದು ಕ್ಷಣ ಸಿಟ್ಟೂ ಬಂತು.

ಈ ಬಟ್ಟೆಯನ್ನು ನಟ ತಾನೇ ಹಾಕಿಕೊಳ್ಳೋಕೆ ಆಗಲ್ಲ. ಒಳಗೆ ಹತ್ತಿ ತುಂಬಿದ ದಪ್ಪ ಅಂಗಿ, ಮೈಗೆ ತುಂಬು ಆಕಾರ ಬರಲಿ, ಬೆವರು ರೇಷ್ಮೆಗೆ ತಾಗದಿರಲಿ ಅಂತ. ಆಮೇಲೆ ನಟ ಗೊಂಬೆಯ ಹಾಗೆ ನಿಲ್ಲುತ್ತಾನೆ. ಮುಂದೆ ಒಬ್ಬ, ಹಿಂದೆ ಒಬ್ಬ ನಿಂತು ಪದರ ಪದರವಾಗಿ ತೊಡಿಸಿ, ಮಡಿಕೆಗಳು ಜಾರದ ಹಾಗೆ ಸೂಜಿ ದಾರದಲ್ಲಿ ಮೈಮೇಲೆಯೇ ಹೊಲಿಗೆ ಹಾಕ್ತಾರೆ. ಕೊನೆಗೆ ಕನ್ನಡಿ ಕೋಣೆ ಅಂತ ಒಂದು ಕೋಣೆ, ಅಲ್ಲಿ ದೊಡ್ಡ ಕನ್ನಡಿಯ ಮುಂದೆ ಕೂತು ಮುಖವಾಡ ಧರಿಸುತ್ತಾನೆ. ಆಮೇಲೆ ಅವನಿಗೆ ಕಣ್ಣಿನ ಕಿಂಡಿಯಷ್ಟೇ ಜಗತ್ತು. ರಂಗದ ಕಂಬ ನೋಡಿಕೊಂಡೇ ತಾನೆಲ್ಲಿದ್ದೀನಿ ಅಂತ ಅಂದಾಜು ಮಾಡಬೇಕು.

‘ದೋಜೋಜಿ’ ಅನ್ನೋ ನಾಟಕದಲ್ಲಿ ಬಟ್ಟೆಯೇ ಸಸ್ಪೆನ್ಸ್ ಥ್ರಿಲ್ಲರ್. ದೇವಸ್ಥಾನದ ಹೊಸ ಗಂಟೆಯ ಉತ್ಸವಕ್ಕೆ ಒಬ್ಬ ನರ್ತಕಿ ಬರ್ತಾಳೆ. ಹೊರಗೆ ಹೂಬಿಟ್ಟ ಕರಾವೊರಿ. ಆದರೆ ಎದೆಯ ಹತ್ತಿರ, ಕತ್ತಿನ ಪಟ್ಟಿಯ ಸಂದಿಯಲ್ಲಿ, ಒಳಗಿನ ಬಿಳಿ ಬಟ್ಟೆಯ ಮೇಲೆ ರೇಕಿನಿಂದ ಒತ್ತಿದ ಸಣ್ಣ ಸಣ್ಣ ತ್ರಿಕೋನಗಳು ಮಿಂಚುತ್ತವೆ. ತ್ರಿಕೋನ ಅಂದರೆ ಹಾವಿನ ಪೊರೆ. ಗೊತ್ತಿದ್ದವನಿಗೆ ಅಲ್ಲೇ ಎದೆ ಧಸಕ್ ಅನ್ನುತ್ತೆ: ಇವಳು ಹೆಣ್ಣಲ್ಲ, ಹಾವು! ಅವಳು ಗಂಟೆಯೊಳಗೆ ಹಾರುತ್ತಾಳೆ, ಗಂಟೆ ಧೊಪ್ ಅಂತ ಕೆಳಗೆ ಬೀಳುತ್ತೆ. ಆ ಕತ್ತಲೆಯಲ್ಲಿ, ಯಾರ ಸಹಾಯವೂ ಇಲ್ಲದೆ, ಒಬ್ಬನೇ ನಟ ಮುಖವಾಡ ಬದಲಿಸಿ ಹೊರಗಿನ ಬಟ್ಟೆ ಕಳಚಬೇಕು. ಗಂಟೆ ಮೇಲೆದ್ದಾಗ ಒಳಗಿನ ತ್ರಿಕೋನಗಳೆಲ್ಲ ಹೊರಗೆ. ನಾವು ಆ್ಯಂಕರ್‌ಗಳು ಮೇಜಿನ ಮೇಲೆ ಕಾಣುವಷ್ಟು ಭಾಗಕ್ಕೆ ಸೂಟ್ ಹಾಕ್ಕೊಂಡು ಕೆಳಗೆ ಜೀನ್ಸ್‌ನಲ್ಲಿ ಕೂತಿರ್ತೀವಿ. ನೋದಲ್ಲಿ ಕಾಣದ ಪದರಕ್ಕೇ ಕಥೆಯ ಕೀಲಿಕೈ ಇರುತ್ತೆ.

ಇನ್ನೂ ಒಂದು ಮಾತು. ಈ ನಾಟಕಗಳಲ್ಲಿ ಬೇರೆಯವರ ಬಟ್ಟೆ ತೊಟ್ಟವರು ಬೇರೆಯವರೇ ಆಗಿಬಿಡ್ತಾರೆ. ಜೆಯಾಮಿಯ ‘ಇಜುತ್ಸು’ದಲ್ಲಿ ಹೆಂಡತಿಯ ಪ್ರೇತ ಗಂಡನ ಅಂಗಿ, ಗಂಡನ ಟೋಪಿ ತೊಟ್ಟು ಬಾವಿಯೊಳಗೆ ಬಗ್ಗಿ ನೋಡುತ್ತೆ. ನೀರಲ್ಲಿ ಕಾಣೋದು ಅವಳ ಮುಖ ಅಲ್ಲ, ಅವನದ್ದು. ‘ಮತ್ಸುಕಾಜೆ’ಯಲ್ಲಿ ಸಮುದ್ರದಂಡೆಯಲ್ಲಿ ಉಪ್ಪುನೀರು ಹೊರುವ ಹುಡುಗಿ, ಬಿಟ್ಟುಹೋದ ಪ್ರಿಯಕರನ ಬಟ್ಟೆ ತೊಟ್ಟು, ಒಂದು ಪೈನ್ ಮರವನ್ನೇ ಅವನು ಅಂದುಕೊಂಡು ಓಡ್ತಾಳೆ. ಬಟ್ಟೆ ಬಿಟ್ಟುಹೋಗೋದು, ಬಟ್ಟೆ ಕೊಡೋದು, ಬಟ್ಟೆ ತೊಡೋದು. ಒಡೆಯರು ಬಿಚ್ಚಿಕೊಟ್ಟ ಬಟ್ಟೆ ತೊಟ್ಟು ಬೆಳೆದ ಕಲೆಗೆ ಇದು ತಲೆಯಲ್ಲಿ ಕೂತಿದ್ದರೆ ಆಶ್ಚರ್ಯ ಏನು?

ಈಗ 1868ಕ್ಕೆ ಬನ್ನಿ. ತೊಕುಗಾವಾ ಆಡಳಿತ ಕುಸಿಯಿತು, ಮೇಜಿ ಚಕ್ರವರ್ತಿಯ ಹೊಸ ಸರ್ಕಾರ ಬಂತು. ನಟರ ಅಕ್ಕಿಯ ಸಂಬಳ ಒಂದೇ ಏಟಿಗೆ ನಿಂತುಹೋಯ್ತು. ಸಾಮಂತರೇ ದಿವಾಳಿ ಆಗಿರುವಾಗ ನಟರನ್ನು ಕೇಳೋರು ಯಾರು? ಹೊಟ್ಟೆಪಾಡಿಗೆ ಕೆಲವರು ವೇಷ ಬಿಟ್ಟರು. ಮುಖವಾಡ, ಉಡುಪು ಎಲ್ಲ ಕಡಿಮೆ ಬೆಲೆಗೆ ಮಾರಾಟಕ್ಕೆ ಬಂದವು. ಯಾವ ಶೋಗನ್‌ನ ಗೌರವಕ್ಕಾಗಿ ನೇಯ್ದ ಬಟ್ಟೆಯೋ ಅದು ಹಳೇ ಸಾಮಾನಿನವರ ಕೈ ಸೇರಿತು.

ಆಗ ಟೋಕಿಯೋ ಬಿಟ್ಟು ಕದಲದೆ ನಿಂತ ಒಬ್ಬ ನಟ ಉಮೆವಾಕಾ ಮಿನೋರು. ಹುಟ್ಟಿದ್ದು 1828, ತೀರಿಕೊಂಡಿದ್ದು 1909. ಬೇರೆಯವರು ಮಾರುತ್ತಿದ್ದಾಗ ಈತ ಕೊಂಡ. ಮಾಜಿ ಸಾಮಂತರೊಬ್ಬರ ಮನೆಯ ರಂಗವನ್ನೇ ಕೊಂಡು ತಂದು ತನ್ನ ಮನೆಯಲ್ಲಿ ಜೋಡಿಸಿದ, ಆಟ ಮುಂದುವರಿಸಿದ. ಅಷ್ಟರಲ್ಲಿ ಸಚಿವ ಇವಾಕುರಾ ತೊಮೊಮಿ ಯುರೋಪ್, ಅಮೆರಿಕ ಸುತ್ತಿ ಬಂದಿದ್ದರು. ಅಲ್ಲಿ ರಾಜ ಅತಿಥಿಗಳನ್ನು ಒಪೆರಾಗೆ ಕರೆದುಕೊಂಡು ಹೋಗ್ತಾರೆ; ನಮ್ಮಲ್ಲಿ ತೋರಿಸೋಕೆ ಏನಿದೆ? ಆಗ ನೆನಪಾಯ್ತು ನೋ. 1876ರಲ್ಲಿ ಇವಾಕುರಾ ಮನೆಯಲ್ಲಿ ಚಕ್ರವರ್ತಿಯ ಮುಂದೆ ಆಟವಾಯ್ತು. 1879ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಗ್ರಾಂಟ್ ಬಂದಾಗಲೂ ಇದನ್ನೇ ತೋರಿಸಿದರು. 1881ರಲ್ಲಿ ಟೋಕಿಯೋದ ಶಿಬಾ ಉದ್ಯಾನದಲ್ಲಿ ಹೊಸ ರಂಗಮಂದಿರವೇ ಎದ್ದಿತು. ಮನೆಯಲ್ಲಿರೋದರ ಬೆಲೆ ಗೊತ್ತಾಗೋಕೆ ಹೊರಗಿನವರ ಚಪ್ಪಾಳೆ ಬೇಕು ಅನ್ನೋ ಕಾಯಿಲೆ ನಮ್ಮೊಬ್ಬರದ್ದೇ ಅಲ್ಲ ನೋಡಿ.

ಅಷ್ಟರೊಳಗೆ ಹೋಗಿದ್ದು ಹೋಗಿತ್ತು. ಬಾಸ್ಟನ್ನಿನ ವೈದ್ಯ ವಿಲಿಯಂ ಸ್ಟರ್ಜಿಸ್ ಬಿಗೆಲೋ ಜಪಾನಿನಲ್ಲಿ ಕೂಡಿಸಿದ ಸಂಗ್ರಹದ ನೋ ಉಡುಪುಗಳು ಇವತ್ತು ಬಾಸ್ಟನ್ ಕಲಾ ಸಂಗ್ರಹಾಲಯದಲ್ಲಿವೆ. ಹಿಕೊನೆಯ ಸಾಮಂತ ಮನೆತನ ಜೋಪಾನವಾಗಿ ಇಟ್ಟುಕೊಂಡಿದ್ದ ಉಡುಪುಗಳನ್ನು 1923ರ ಭೂಕಂಪದ ಬೆಂಕಿ ಟೋಕಿಯೋದಲ್ಲಿ ನುಂಗಿತು. ಆ ಮನೆತನದ ಯಜಮಾನರು ಮತ್ತೆ ಮೊದಲಿಂದ ಹುಡುಕಿ ಹುಡುಕಿ ಕೂಡಿಸಿದರು. ಅವು ಈಗ ಹಿಕೊನೆ ಕೋಟೆಯ ಮ್ಯೂಸಿಯಂನಲ್ಲಿವೆ.

ಬಟ್ಟೆ ಉಳೀತು ಸರಿ, ನೇಯೋರು? ಇಲ್ಲಿ ನನ್ನೊಳಗಿನ ಎಂಜಿನಿಯರ್ ಎದ್ದು ಕೂರ್ತಾನೆ. ಶೋಗನ್‌ಗಳ ಜೊತೆ ನಿಶಿಜಿನ್‌ನ ಗಿರಾಕಿಗಳೂ ಮಾಯವಾಗಿದ್ದರು. 1872ರಲ್ಲಿ ಕ್ಯೋಟೋ ಆಡಳಿತ ಮೂವರನ್ನು ಫ್ರಾನ್ಸಿನ ಲಿಯಾನ್‌ಗೆ ಕಳಿಸಿತು: ಸಕುರಾ ತ್ಸುನೆಶಿಚಿ, ಇನೋಉಯೆ ಇಹೇಯಿ, ಯೋಶಿದಾ ಚೂಶಿಚಿ. ಕಲಿತು ಬರಬೇಕಾಗಿದ್ದು ಜಕಾರ್ಡ್ ಮಗ್ಗ. ಅದುವರೆಗೆ ಹೂವಿನ ವಿನ್ಯಾಸ ನೇಯಲು ಮಗ್ಗದ ಮೇಲೆ ಇನ್ನೊಬ್ಬ ಕೂತು ಹಗ್ಗ ಎಳೆಯಬೇಕಿತ್ತು. ಜಕಾರ್ಡ್‌ನಲ್ಲಿ ಆ ಮನುಷ್ಯನ ಬದಲು ತೂತು ಕೊರೆದ ರಟ್ಟು. ತೂತು ಇದ್ದರೆ ಎಳೆ ಏಳುತ್ತೆ, ಇಲ್ಲದಿದ್ದರೆ ಇಲ್ಲ. ಒಂದು, ಸೊನ್ನೆ. ಕಾಲೇಜಿನಲ್ಲಿ ಕಂಪ್ಯೂಟರ್ ಇತಿಹಾಸದ ಮೊದಲ ಪಾಠದಲ್ಲಿ ನಮಗೆ ಹೇಳಿಕೊಟ್ಟ ಪಂಚ್ ಕಾರ್ಡಿನ ಅಜ್ಜ ಇದೇ. ಸಕುರಾ, ಇನೋಉಯೆ 1873ರ ಕೊನೆಗೆ ಯಂತ್ರಗಳ ಜೊತೆ ಮರಳಿದರು. ಇನ್ನಷ್ಟು ಕಲಿಯೋಕೆ ಅಂತ ಉಳಿದ ಯೋಶಿದಾ 1874ರಲ್ಲಿ ವಾಪಸ್ ಬರುವಾಗ, ಜಪಾನಿನ ತೀರ ಇನ್ನೇನು ಬಂತು ಅನ್ನುವಲ್ಲಿ, ಇಜು ಹತ್ತಿರ ಹಡಗು ಮುಳುಗಿ ಸತ್ತ.

ಜಪಾನಿನ ರೇಷ್ಮೆ ವಿದ್ಯೆಯ ಒಂದು ಎಳೆ ಬೆಂಗಳೂರಿಗೂ ಬಂದಿದೆ. ಬಸವನಗುಡಿ ಕಡೆಯವರಿಗೆ ಟಾಟಾ ಸಿಲ್ಕ್ ಫಾರ್ಮ್ ಅನ್ನೋ ಹೆಸರು ಗೊತ್ತಿರುತ್ತೆ. 1890ರ ದಶಕದ ಕೊನೆಯಲ್ಲಿ ಜೆಮ್‌ಶೆಟ್‌ಜಿ ಟಾಟಾ ಜಪಾನಿ ತಜ್ಞರನ್ನು ಕರೆಸಿ ಅಲ್ಲಿ ರೇಷ್ಮೆ ತೋಟ ಮಾಡಿಸಿದ್ದರು. ಇವತ್ತು ಅಲ್ಲಿ ಉಳಿದಿರೋದು ಹೆಸರು ಮಾತ್ರ.

ನಿಶಿಜಿನ್‌ನಲ್ಲಿ ಉಳಿದಿದ್ದು ಅದಕ್ಕಿಂತ ಜಾಸ್ತಿ. ಯಮಗುಚಿ ಸಹೋದರರು ಅಂತ ಇಬ್ಬರಿದ್ದರು. ಅಣ್ಣ ಇತಾರೊ, ಹುಟ್ಟಿದ್ದು 1901ರಲ್ಲಿ. ಎಪ್ಪತ್ತನೇ ವಯಸ್ಸಿನಲ್ಲಿ, ನಮ್ಮಲ್ಲಿ ಜನ ಪಾರ್ಕಿನ ಬೆಂಚು ಹುಡುಕುವ ಹೊತ್ತಿಗೆ, ಗೆಂಜಿ ಕಥೆಯ ಹಳೆಯ ಚಿತ್ರಸುರುಳಿಗಳನ್ನು ರೇಷ್ಮೆಯಲ್ಲಿ ನೇಯಲು ಶುರು ಮಾಡಿದರು. ಅದೇ ಅವೋಯಿ, ಅದೇ ರೊಕುಜೊ ಇರುವ ಗೆಂಜಿ. ನಾಲ್ಕು ಸುರುಳಿ. 2007ರಲ್ಲಿ, 105ನೇ ವಯಸ್ಸಿನಲ್ಲಿ ತೀರಿಕೊಂಡಾಗ ನಾಲ್ಕನೆಯದು ಇನ್ನೂ ಮಗ್ಗದಲ್ಲಿತ್ತು, ಮರುವರ್ಷ ಮುಗಿಯಿತು. ಈ ಸುರುಳಿಗಳು ಪ್ಯಾರಿಸ್‌ನ ಗಿಮೆ ಮ್ಯೂಸಿಯಂ ಸೇರಿದವು. ಜಕಾರ್ಡ್ ಮಗ್ಗ ಕೊಟ್ಟ ದೇಶಕ್ಕೆ ನೇಕಾರನ ಋಣಸಂದಾಯ ಅದು. ತಮ್ಮ ಯಸುಜಿರೊ, ಹುಟ್ಟಿದ್ದು 1904, ನೋ ಉಡುಪುಗಳ ನೇಕಾರ. ನೂರು ದಾಟಿದ ಮೇಲೂ ನೇಯುತ್ತಿದ್ದ ಅವರು 2010ರಲ್ಲಿ ಹೋದರು.

2001ರಲ್ಲಿ ಯುನೆಸ್ಕೋ ಮೊದಲ ಬಾರಿಗೆ ಮನುಕುಲದ ಮೌಖಿಕ ಪರಂಪರೆಯ ಪಟ್ಟಿ ಮಾಡಿದಾಗ ಅದರಲ್ಲಿ ಜಪಾನಿನ ನೋ ಇತ್ತು, ಕೇರಳದ ಕೂಡಿಯಾಟ್ಟಂ ಕೂಡ ಇತ್ತು. ಸರ್ಟಿಫಿಕೇಟ್ ಸಿಕ್ಕಿತು, ಸಂತೋಷ. ಆದರೆ ಕಾಗದಕ್ಕೆ ಚಿನ್ನ ಅಂಟಿಸಿ ಕೂದಲಿನಷ್ಟು ಸಣ್ಣದಾಗಿ ಕತ್ತರಿಸುವ ಕೈ, ಆ ಪಟ್ಟಿಯನ್ನು ಮಗುಚದ ಹಾಗೆ ಎಳೆಯುವ ಕೈ, ಹಾಸನ್ನು ಲೆಕ್ಕ ಹಾಕಿ ಕಟ್ಟುವ ಕೈ, ಇವು ಮೂರೂ ಬೇರೆ ಬೇರೆ ಮನುಷ್ಯರ ಕೈಗಳು. ಒಂದು ಕೈ ನಿಂತರೂ ಕರಾವೊರಿ ನಿಲ್ಲುತ್ತೆ. ಅದಕ್ಕೆ ಈಗ ಶೋಗನ್ ಇಲ್ಲ, ಬಿಚ್ಚಿಕೊಡುವ ಸಾಮಂತನೂ ಇಲ್ಲ. ಟಿಕೆಟ್ ಕೊಂಡು ಬರುವ ಪ್ರೇಕ್ಷಕ, ಕೈಯಿಂದ ಖರ್ಚು ಮಾಡುವ ನಟನ ಮನೆ, ಅಷ್ಟೇ.

ನೋದ ಐದು ಮುಖ್ಯ ಪರಂಪರೆಗಳಲ್ಲಿ ಒಂದಾದ ಕೊಂಗೊ ಮನೆತನದ ರಂಗಮಂದಿರ ಕ್ಯೋಟೋದಲ್ಲಿದೆ. ಮಳೆಗಾಲದ ತೇವ ಹೋದ ಮೇಲೆ, ಬೇಸಿಗೆಯಲ್ಲಿ ವರ್ಷಕ್ಕೊಮ್ಮೆ, ಅಲ್ಲಿ ಉಡುಪುಗಳನ್ನು ಪೆಟ್ಟಿಗೆಯಿಂದ ತೆಗೆದು ಗಾಳಿಗೆ ಹರವುತ್ತಾರೆ. ಇವನ್ನು ಒಗೆಯೋಕಂತೂ ಆಗಲ್ಲ, ಗಾಳಿಯೊಂದೇ ಔಷಧ. ನಟರು ತೋಳು ಹರಡಿದ ಹಾಗೆ ಬಟ್ಟೆಗಳು ಸಾಲಾಗಿ ನೇತಾಡುತ್ತವೆ, ಜನ ಬಂದು ನೋಡಬಹುದು. ಯಾವುದರ ಎಳೆ ಸವೆದಿದೆ, ಯಾವುದು ಇನ್ನೊಂದು ಆಟ ತಡೆಯುತ್ತೆ, ಯಾವುದನ್ನು ಇನ್ನು ತೊಡದೆ ನಕಲು ನೇಯಿಸೋಕೆ ಮಾದರಿಯಾಗಿ ಇಡಬೇಕು ಅಂತ ಗೊತ್ತಾಗೋದು ಹೀಗೆ ಬೆಳಕಿಗೆ ಹಿಡಿದಾಗಲೇ. ಆಮೇಲೆ ಮತ್ತೆ ಮಡಚಿ, ಕಾಗದದಲ್ಲಿ ಸುತ್ತಿ, ಪೆಟ್ಟಿಗೆಗೆ.